ಏಳು ವರ್ಷದ ಪೀಸ್ ಲಿಲ್ಲಿ ಕುಂಡದಲ್ಲಿ ಸಿಕ್ಕಿಕೊಂಡಿದೆ. ಕುಂಡ ಒಡೆಯದೆ ತೆಗೆಯುವುದು ಹೇಗೆ?

ಸುಳಿಎಲೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನನ್ನ ಹತ್ತಿರ ಒಂದು ಪೀಸ್ ಲಿಲ್ಲಿ ಇದೆ. ಏಳು ವರ್ಷದ ಹಿಂದೆ ಅಮ್ಮ ಕೊಟ್ಟಿದ್ದು. ಆಗ ಐದಾರು ಎಲೆಯ ಸಣ್ಣ ಗಿಡ. ಅವತ್ತಿನಿಂದ ಇವತ್ತಿನವರೆಗೆ ಅದೇ ಕುಂಡ. ಈಗ ಎಲೆ ಎಣಿಸಲು ಆಗುವುದಿಲ್ಲ. ಬುಡದಲ್ಲಿ ಮರಿಯ ಪಕ್ಕ ಮರಿ. ಮಣ್ಣು ಕಾಣುವುದೇ ಇಲ್ಲ, ಮೇಲೆಲ್ಲ ಬರೀ ಬೇರು. ತಳದ ತೂತಿನಿಂದಲೂ ಬೇರು ಇಳಿದು ತಟ್ಟೆಯಲ್ಲಿ ಸುತ್ತಿಕೊಂಡಿದೆ.

ತೊಂದರೆ ಏನೆಂದರೆ, ಬೆಳಿಗ್ಗೆ ನೀರು ಹಾಕಿದರೆ ಹಾಕಿದ ಹಾಗೇ ಕೆಳಗೆ ಬಂದುಬಿಡುತ್ತದೆ. ಸಂಜೆ ಹೊತ್ತಿಗೆ ಎಲೆಗಳೆಲ್ಲ ಜೋಲು ಬಿದ್ದಿರುತ್ತವೆ. ಮತ್ತೆ ನೀರು ಹಾಕಿದರೆ ಎದ್ದು ನಿಲ್ಲುತ್ತವೆ. ಮೊದಲು ವಾರಕ್ಕೊಮ್ಮೆ ಹಾಕಿದರೆ ಸಾಕಿತ್ತು. ಈಗ ದಿನಾ ಹಾಕಿದರೂ ಸಾಲದು. ಎರಡು ವರ್ಷದಿಂದ ಒಂದು ಹೂವೂ ಇಲ್ಲ.

ಇನ್ನೊಂದು ವಿಷಯ. ಕುಂಡ ಪಿಂಗಾಣಿಯದು. ಹೊಟ್ಟೆ ಅಗಲ, ಬಾಯಿ ಕಿರಿದು. ಹೊಟ್ಟೆ 8 ಇಂಚು, ಬಾಯಿ 5 ಇಂಚು. ಅದರ ಮೇಲಿನ ಚಿತ್ರ ಅಮ್ಮನೇ ಬರೆದದ್ದು. ಅಮ್ಮ ಈಗಿಲ್ಲ. ಗಿಡವೂ ಉಳಿಯಬೇಕು, ಕುಂಡವೂ ಉಳಿಯಬೇಕು.

16 ಇಂಚಿನ ಹೊಸ ಕುಂಡ ತಂದಿಟ್ಟಿದ್ದೇನೆ. ಪಾಪ, ಇಷ್ಟು ವರ್ಷ ಇಕ್ಕಟ್ಟಿನಲ್ಲಿತ್ತು, ಇನ್ನಾದರೂ ಆರಾಮಾಗಿ ಇರಲಿ ಅಂತ. ಅದು ಸರಿನಾ? ಅಡಿಯಲ್ಲಿ ಜಲ್ಲಿ ಹಾಕಬೇಕಾ? ಮುಖ್ಯವಾಗಿ, ಇದನ್ನು ಹೊರಗೆ ತೆಗೆಯುವುದು ಹೇಗೆ?

ಕಿಟಕಿತೋಟ

16 ಇಂಚಿನದು ಬೇಡ, ದಯವಿಟ್ಟು. ನಾನು ಒಂದು ರಬ್ಬರ್ ಗಿಡವನ್ನು ಇದೇ ಪ್ರೀತಿಯಿಂದ ದೊಡ್ಡ ಕುಂಡಕ್ಕೆ ಹಾಕಿದೆ. ಮೇಲಿನ ಮಣ್ಣು ಒಣಗಿದಂತೆ ಕಾಣುತ್ತಿತ್ತು, ನೀರು ಹಾಕುತ್ತಿದ್ದೆ. ಒಳಗೆ ಕೆಸರು. ಎರಡು ತಿಂಗಳಲ್ಲಿ ಬೇರೆಲ್ಲ ಕೊಳೆತು ಹೋಯಿತು. ಇವತ್ತಿಗೂ ನನಗೆ ಬೇಸರ.

ಎರೆಹುಳು

ನನ್ನ ಅಭಿಪ್ರಾಯ ಬೇರೆ. ನೆಲದಲ್ಲಿ ಬೆಳೆಯುವ ಗಿಡಕ್ಕೆ ಯಾರಾದರೂ ಜಾಗ ಅಳೆದು ಕೊಡುತ್ತಾರಾ? ಬೇರಿಗೆ ಎಷ್ಟು ಜಾಗ ಕೊಟ್ಟರೆ ಅಷ್ಟು ಒಳ್ಳೆಯದು. ಅಡಿಯಲ್ಲಿ ಎರಡು ಇಂಚು ಜಲ್ಲಿ ಹಾಕಿ, ನೀರು ಚೆನ್ನಾಗಿ ಬಸಿದು ಹೋಗುತ್ತದೆ. ನಾನು ಹದಿನೈದು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ.

ಲೆಕ್ಕದಗಿಡ

ಎರೆಹುಳು ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. 2012ರಲ್ಲಿ ಕುಂಡದ ಗಾತ್ರದ ಬಗ್ಗೆ 65 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಅಧ್ಯಯನ ಬಂದಿತ್ತು. ಕುಂಡದ ಒಳಜಾಗ ಎರಡರಷ್ಟಾದರೆ ಗಿಡದ ತೂಕ ಸರಾಸರಿ 43 ಶೇಕಡಾ ಜಾಸ್ತಿ ಆಯಿತು ಎಂದು ಅದರಲ್ಲಿ ಕಂಡಿತು. ಅಂದರೆ ಇಕ್ಕಟ್ಟು ಬೆಳವಣಿಗೆಯನ್ನು ತಡೆಯುತ್ತದೆ, ಅದು ನಿಜ.

ಆದರೆ "ಎರಡರಷ್ಟು" ಅಂದರೆ ಎಷ್ಟು ಅಂತ ನೋಡಿ. ಕುಂಡದ ಅಗಲ ಬೆಳೆದರೆ ಆಳವೂ ಬೆಳೆಯುತ್ತದೆ. 8 ಇಂಚಿನಿಂದ 10 ಇಂಚಿಗೆ ಹೋದರೇ ಮಣ್ಣು ಹೆಚ್ಚುಕಡಿಮೆ ಎರಡರಷ್ಟು. 8ರಿಂದ 16ಕ್ಕೆ ಹೋದರೆ ಎಂಟರಷ್ಟು! ಆ ಎಂಟು ಪಾಲಿನಲ್ಲಿ ಏಳು ಪಾಲು ಮಣ್ಣಿಗೆ ಬೇರೇ ಇರುವುದಿಲ್ಲ. ಅಲ್ಲಿ ನಿಂತ ನೀರನ್ನು ಹೀರುವವರು ಯಾರು? ಮನೆಯೊಳಗೆ ಬೆಳಕು ಕಡಿಮೆ, ಗಾಳಿ ಕಡಿಮೆ, ಗಿಡ ನೀರು ಎಳೆಯುವುದೂ ನಿಧಾನ. ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಮಣ್ಣಿನ ಸಂದುಗಳಲ್ಲಿ ಗಾಳಿ ಇಲ್ಲದಿದ್ದರೆ ಬೇರಿಗೆ ಉಸಿರು ಕಟ್ಟುತ್ತದೆ. ಕಿಟಕಿತೋಟ ಅವರ ರಬ್ಬರ್ ಗಿಡಕ್ಕೆ ಆಗಿದ್ದು ಅದೇ ಅನಿಸುತ್ತದೆ.

ಬುಡಮಣ್ಣು

ಸುಳಿಎಲೆ ಅವರೇ, ನಾನು ನರ್ಸರಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು. ಪೀಸ್ ಲಿಲ್ಲಿ ಎಷ್ಟು ಬೇರ್ಪಡಿಸಿದ್ದೇನೋ ಲೆಕ್ಕವಿಲ್ಲ. ಮೊದಲು ಒಂದು ಮಾತು, ಗಾಬರಿ ಬೇಡ. ಇದು ಗಟ್ಟಿ ಗಿಡ.

ನೀವು ಹೇಳಿದ ಲಕ್ಷಣ ಎಲ್ಲ ಒಂದೇ ಕಡೆ ತೋರಿಸುತ್ತಿವೆ. ಕುಂಡದಲ್ಲಿ ಮಣ್ಣು ಉಳಿದಿಲ್ಲ. ಕೋಕೊಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಇವೆಲ್ಲ ವರ್ಷ ಕಳೆದಂತೆ ಕರಗಿ ಪುಡಿಯಾಗುತ್ತವೆ, ನೀರಿನ ಜೊತೆ ಸ್ವಲ್ಪ ಸ್ವಲ್ಪ ಹೊರಟು ಹೋಗುತ್ತವೆ. ಆ ಜಾಗಕ್ಕೆ ಬೇರು ಬರುತ್ತದೆ. ಬೇರು ನೀರು ಕುಡಿಯುತ್ತದೆ, ಆದರೆ ಮಣ್ಣಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಬೆಳಿಗ್ಗೆ ಹಾಕಿದ್ದು ಸಂಜೆಗೆ ಮುಗಿದುಹೋಗುತ್ತದೆ. ನೀವು ನೀರು ಕಡಿಮೆ ಹಾಕುತ್ತಿಲ್ಲ. ಹಾಕಿದ್ದು ನಿಲ್ಲುತ್ತಿಲ್ಲ, ಅಷ್ಟೇ.

ಈಗ ತೆಗೆಯುವ ವಿಷಯ. ಬಾಯಿ ಕಿರಿದಾದ ಕುಂಡ ಅಂದರೆ ಕಷ್ಟ, ಸುಳ್ಳು ಹೇಳುವುದಿಲ್ಲ. ಬೇರು ಹೊಟ್ಟೆಯ ಆಕಾರಕ್ಕೆ ತುಂಬಿಕೊಂಡಿದೆ, ಬಾಯಿಯಿಂದ ಅದು ಇಡಿಯಾಗಿ ಬರುವುದೇ ಇಲ್ಲ. ಎಲೆ ಹಿಡಿದು ಎಳೆದರೆ ಬುಡದಲ್ಲಿ ಕಿತ್ತು ಕೈಗೆ ಬರುತ್ತದೆ. ಹಾಗೆ ಮಾಡಬೇಡಿ. ಉಳಿದಿರುವ ದಾರಿ ಎರಡೇ. ಒಂದು ಕುಂಡ ಒಡೆಯುವುದು. ಇನ್ನೊಂದು ಒಳಗಿನ ಮಣ್ಣನ್ನೆಲ್ಲ ನೀರಿನಿಂದ ತೊಳೆದು ತೆಗೆದು ಬೇರನ್ನು ಸಡಿಲ ಮಾಡುವುದು. ನಿಮಗೆ ಎರಡನೆಯದೇ ಸರಿ. ತಾಳ್ಮೆ ಬೇಕು, ಒಂದೆರಡು ಗಂಟೆ ಹಿಡಿಯಬಹುದು.

ಹಿಂದಿನ ರಾತ್ರಿಯೇ ಕುಂಡವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆಯಿರಿ. ಗಿಡ ಹೊಟ್ಟೆತುಂಬ ಕುಡಿದಿರಬೇಕು. ಬಾಡಿದ ಗಿಡವನ್ನು ಯಾವತ್ತೂ ಕೀಳಬಾರದು. ಮರುದಿನ ತಟ್ಟೆಗೆ ಇಳಿದ ಬೇರನ್ನು ಕತ್ತರಿಸಿಬಿಡಿ, ಇಲ್ಲದಿದ್ದರೆ ಅದೇ ಹಿಡಿದುಕೊಳ್ಳುತ್ತದೆ. ಉದ್ದನೆಯ ತೆಳು ಚಾಕುವನ್ನು ಕುಂಡದ ಒಳಗೋಡೆಗೆ ಒತ್ತಿ ಸುತ್ತಲೂ ಆಡಿಸಿ. ಆಮೇಲೆ ಕುಂಡವನ್ನು ಗೋಣಿಚೀಲದ ಮೇಲೆ ಅಡ್ಡ ಮಲಗಿಸಿ, ಪೈಪಿನಿಂದ ನೀರು ಬಿಡುತ್ತಾ ಬೆರಳಿನಿಂದ ಮಣ್ಣು ಹೊರಗೆ ಎಳೆಯಿರಿ. ಬುಡದ ಮರಿಗಳು ಸಡಿಲವಾಗುತ್ತಿದ್ದಂತೆ ಒಂದೊಂದಾಗಿ ಬಿಡಿಸಿ ತೆಗೆಯಿರಿ. ಒಂದು ಹೊರಗೆ ಬಂದರೆ ಉಳಿದವಕ್ಕೆ ಜಾಗ ಸಿಗುತ್ತದೆ.

ಮೂರು ಭಾಗ ಆಗುವ ಗಿಡ ಅನಿಸುತ್ತದೆ. ಬೇರಿನ ಮುದ್ದೆಯ ಸುತ್ತ ಎರಡು ಬೆರಳು ಜಾಗ ಇರುವ ಕುಂಡ ಸಾಕು, ಅದಕ್ಕಿಂತ ದೊಡ್ಡದು ಬೇಡ. ತಂದ 16 ಇಂಚಿನದನ್ನು ಬೇರೆ ಗಿಡಕ್ಕೆ ಇಟ್ಟುಕೊಳ್ಳಿ.

ಬೆಕ್ಕಿನಮನೆ

ಒಂದು ಎಚ್ಚರಿಕೆ. ಕೈಗವಸು ಹಾಕಿಕೊಳ್ಳಿ. ಪೀಸ್ ಲಿಲ್ಲಿ ಕೆಸುವಿನ ಕುಟುಂಬದ್ದು. ಕೆಸುವಿನ ರಸ ತಾಗಿದರೆ ಕೈ ತುರಿಸುತ್ತದಲ್ಲ, ಅದೇ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇದರಲ್ಲೂ ಇದೆ. ಕತ್ತರಿಸುವಾಗ ರಸ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಮನೆಯಲ್ಲಿ ಬೆಕ್ಕು, ನಾಯಿ, ಸಣ್ಣ ಮಕ್ಕಳು ಇದ್ದರೆ ಕತ್ತರಿಸಿ ಬಿಸಾಕಿದ ಎಲೆ ಬೇರನ್ನು ಕೂಡಲೇ ಎತ್ತಿಬಿಡಿ. ಅಗಿದರೆ ಬಾಯಿ ಉರಿ, ಜೊಲ್ಲು, ವಾಂತಿ ಆಗುತ್ತದೆ.

ಹೆಸರಿನಲ್ಲಿ ಲಿಲ್ಲಿ ಅಂತ ಇದ್ದರೂ ಇದು ನಿಜವಾದ ಲಿಲ್ಲಿ ಅಲ್ಲ. ನಿಜವಾದ ಲಿಲ್ಲಿ ಬೆಕ್ಕಿನ ಮೂತ್ರಪಿಂಡವನ್ನೇ ಹಾಳುಮಾಡುತ್ತದೆ, ಜೀವಕ್ಕೇ ಅಪಾಯ. ಇದು ಅಷ್ಟು ಘೋರ ಅಲ್ಲ. ಆದರೂ ಬೆಕ್ಕಿನ ಬಾಯಿಗೆ ಸಿಗಬಾರದು.

ಸುಳಿಎಲೆ

ಬುಡಮಣ್ಣು ಸರ್, ತುಂಬಾ ಧನ್ಯವಾದ. ನೀವು ಬರೆದದ್ದನ್ನು ಕಾಗದದಲ್ಲಿ ಬರೆದಿಟ್ಟುಕೊಂಡೆ. ಜಲ್ಲಿಯ ವಿಷಯ ಮಾತ್ರ ಇನ್ನೂ ಅರ್ಥ ಆಗಲಿಲ್ಲ. ಹಾಕಲಾ, ಬೇಡವಾ? ಎಲ್ಲ ಕಡೆ ಹಾಕಬೇಕು ಅಂತಲೇ ಹೇಳುತ್ತಾರೆ.

ಲೆಕ್ಕದಗಿಡ

ಬೇಡ. ಕಾರಣ ನಿಮ್ಮ ಕಣ್ಣಿಗೇ ಕಾಣುವಂತೆ ಮಾಡಬಹುದು.

ಪಾತ್ರೆ ತೊಳೆಯುವ ಉದ್ದನೆಯ ಸ್ಪಂಜ್ ಒಂದನ್ನು ಪೂರ್ತಿ ನೆನೆಸಿ. ಅಗಲ ಭಾಗ ಕೆಳಗೆ ಬರುವಂತೆ ಅಡ್ಡ ಹಿಡಿಯಿರಿ. ತೊಟ್ಟಿಕ್ಕಿ ತೊಟ್ಟಿಕ್ಕಿ ನಿಲ್ಲುತ್ತದೆ. ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜ್ ಅದೇ, ನೀರು ಅದೇ. ಬದಲಾದದ್ದು ಎತ್ತರ ಮಾತ್ರ.

ಕುಂಡದ ಮಣ್ಣೂ ಸ್ಪಂಜಿನ ಹಾಗೆ. ಬಸಿದು ನಿಂತ ಮೇಲೂ ತಳದಲ್ಲಿ ಒಂದು ಪದರ ಪೂರ್ತಿ ಒದ್ದೆಯಾಗಿಯೇ ಉಳಿಯುತ್ತದೆ. ಆ ಪದರದ ಎತ್ತರ ಮಣ್ಣು ಎಂಥದು ಅನ್ನುವುದರ ಮೇಲೆ ನಿಂತಿದೆ. ಸಣ್ಣ ಕಣದ ಮಣ್ಣಿನಲ್ಲಿರುವ ನೀರು ಸುಮ್ಮನೆ ದೊಡ್ಡ ಸಂದಿನ ಜಲ್ಲಿಗೆ ಇಳಿಯುವುದಿಲ್ಲ. ಮೇಲಿನ ಮಣ್ಣು ತುಂಬಿ ತುಳುಕಿದ ಮೇಲೆಯೇ ಇಳಿಯುವುದು. ಹಾಗಾಗಿ ಜಲ್ಲಿ ಹಾಕಿದರೆ ಆ ಒದ್ದೆ ಪದರ ಜಲ್ಲಿಯ ಮೇಲೆ ಬಂದು ಕೂರುತ್ತದೆ, ಬೇರಿಗೆ ಇನ್ನಷ್ಟು ಹತ್ತಿರ.

ನೀರು ಬೇಗ ಬಸಿಯಬೇಕು ಅಂದರೆ ಮಣ್ಣಿನಲ್ಲೇ ಸಂದು ಇರಬೇಕು. ಪರ್ಲೈಟ್ ಅದಕ್ಕೇ ಹಾಕುವುದು. ಜ್ವಾಲಾಮುಖಿಯ ಗಾಜಿನ ಕಲ್ಲನ್ನು ಕಾಯಿಸಿದಾಗ ಅರಳಿನ ಹಾಗೆ ಅರಳುತ್ತದೆ, ಅದೇ ಪರ್ಲೈಟ್. ಹಗುರ, ಕೊಳೆಯುವುದಿಲ್ಲ, ಗಾಳಿಗೆ ಜಾಗ ಬಿಡುತ್ತದೆ.

ಎರೆಹುಳು

ಈಗ ತಾನೇ ಅಡುಗೆಮನೆಯಲ್ಲಿ ಸ್ಪಂಜ್ ಹಿಡಿದು ನೋಡಿದೆ. ನಿಲ್ಲಿಸಿದ ಕೂಡಲೇ ಸುರಿಯಿತು. ಹದಿನೈದು ವರ್ಷ ಜಲ್ಲಿ ಹಾಕಿದ್ದೇನೆ, ಇದು ಗೊತ್ತಿರಲಿಲ್ಲ. ಒಪ್ಪಿದೆ.

ಆದರೆ ತೂತಿನ ಮೇಲೆ ಒಂದು ಹಂಚಿನ ಚೂರು ಇಡುವುದು ಬಿಡುವುದಿಲ್ಲ. ಇಲ್ಲದಿದ್ದರೆ ಮಣ್ಣೆಲ್ಲ ತಟ್ಟೆಗೆ ಬರುತ್ತದೆ.

ಬುಡಮಣ್ಣು

ಒಂದು ಚೂರು ಇಡಿ, ತೂತು ಪೂರ್ತಿ ಮುಚ್ಚದಂತೆ. ಸೊಳ್ಳೆಪರದೆಯ ಒಂದು ತುಂಡು ಹಾಕಿದರೆ ಇನ್ನೂ ಒಳ್ಳೆಯದು.

ಮಣ್ಣಿಗೆ ನನ್ನ ಅಳತೆ: ಕೋಕೊಪೀಟ್ ಎರಡು ಪಾಲು, ಎರೆಗೊಬ್ಬರ ಒಂದು ಪಾಲು, ಪರ್ಲೈಟ್ ಒಂದು ಪಾಲು. ಕೋಕೊಪೀಟನ್ನು ಎರಡು ಸಲ ಒಳ್ಳೆ ನೀರಿನಲ್ಲಿ ತೊಳೆದು ಹಿಂಡಿ, ಅದರಲ್ಲಿ ಉಪ್ಪು ಇರುತ್ತದೆ. ತೋಟದ ಮಣ್ಣನ್ನೇ ತುಂಬಬೇಡಿ. ನೆಲದಲ್ಲಿ ಚೆನ್ನಾಗಿರುವ ಮಣ್ಣು ಕುಂಡದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ.

ಕಿಟಕಿತೋಟ

ಪೀಸ್ ಲಿಲ್ಲಿ ಇಕ್ಕಟ್ಟಿನಲ್ಲಿದ್ದರೇ ಹೂ ಬಿಡುತ್ತದೆ ಅಂತ ಕೇಳಿದ್ದೆ. ಬೇರ್ಪಡಿಸಿದರೆ ಹೂವು ಬರುವುದಿಲ್ಲವಾ?

ಬುಡಮಣ್ಣು

ಸ್ವಲ್ಪ ಬಿಗಿಯಾಗಿದ್ದರೆ ತೊಂದರೆ ಇಲ್ಲ. ಆದರೆ ಸುಳಿಎಲೆ ಅವರ ಗಿಡ ಎರಡು ವರ್ಷದಿಂದ ಪೂರ್ತಿ ಇಕ್ಕಟ್ಟಿನಲ್ಲಿದೆ, ಹೂವು ಎಲ್ಲಿ ಬಂತು? ಹೂವಿಗೆ ಮುಖ್ಯವಾಗಿ ಬೇಕಾದದ್ದು ಬೆಳಕು. ನೇರ ಬಿಸಿಲು ಬೇಡ, ಆದರೆ ಕಿಟಕಿಯ ಹತ್ತಿರ ಇರಬೇಕು. ಕತ್ತಲೆ ಮೂಲೆಯಲ್ಲಿ ಗಿಡ ಬದುಕುತ್ತದೆ, ಹೂ ಬಿಡುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮಾರಾಟಕ್ಕೆ ಬರುವ ಪೀಸ್ ಲಿಲ್ಲಿಗೆ ಬೆಳೆಗಾರರು ಜಿಬ್ಬೆರೆಲಿಕ್ ಆಮ್ಲ ಎಂಬ ಸಸ್ಯ ಹಾರ್ಮೋನು ಸಿಂಪಡಿಸಿ ಹೂ ಬರಿಸುತ್ತಾರೆ. ತಂದಾಗ ಗಿಡದ ತುಂಬ ಹೂವು, ಆಮೇಲೆ ಇಲ್ಲ ಅಂತ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದು ನಿಮ್ಮ ತಪ್ಪಲ್ಲ. ಮನೆಯಲ್ಲಿ ಅದು ತನ್ನ ಹೊತ್ತಿಗೆ ತಾನು ಬಿಡುತ್ತದೆ.

ಸುಳಿಎಲೆ (ಭಾನುವಾರ ಸಂಜೆ)

ಮುಗಿಯಿತು. ಕುಂಡ ಉಳಿಯಿತು! ಬಾಯಿಯ ಒಳಗೆ ಚಾಕುವಿನ ಒಂದು ಸಣ್ಣ ಗೀರು ಬಿಟ್ಟರೆ ಏನೂ ಆಗಿಲ್ಲ.

ಹೇಗೆ ಆಯಿತು ಅಂತ ಪೂರ್ತಿ ಬರೆಯುತ್ತೇನೆ, ಇಂಥದೇ ಕುಂಡ ಇರುವ ಬೇರೆಯವರಿಗೆ ಉಪಯೋಗ ಆಗಲಿ. ಚಾಕು ಅರ್ಧದವರೆಗೆ ಮಾತ್ರ ಹೋಯಿತು. ಹೊಟ್ಟೆಯ ತಿರುವಿನ ಹತ್ತಿರ ಬಗ್ಗಲೇ ಇಲ್ಲ. ಆಮೇಲೆ ಪೈಪ್ ಹಿಡಿದು ಕೂತೆ. ಮೊದಲ ಅರ್ಧ ಗಂಟೆ ಏನೂ ಆಗಲಿಲ್ಲ. ಬೇರು ಹಗ್ಗದ ಸಿಂಬಿಯ ಹಾಗೆ ಸುತ್ತಿಕೊಂಡು ನೀರನ್ನೇ ಒಳಗೆ ಬಿಡುತ್ತಿರಲಿಲ್ಲ. ಒಂದು ಮರದ ಕಡ್ಡಿಯಿಂದ ಬುಡದ ಹತ್ತಿರ ಕೆದಕುತ್ತಾ ಹೋದೆ. ಇದ್ದಕ್ಕಿದ್ದಂತೆ ಕಪ್ಪು ನೀರು ಹರಿಯಿತು. ಅಲ್ಲಿಂದ ಕೆಲಸ ಸುಲಭ ಆಯಿತು. ಮೊದಲ ಮರಿ ಹೊರಗೆ ಬಂದಾಗ ಒಂದು ಗಂಟೆ ಕಳೆದಿತ್ತು. ಎಲ್ಲ ಮುಗಿಯುವಾಗ ಎರಡೂವರೆ ಗಂಟೆ.

ಬುಡಮಣ್ಣು ಸರ್ ಹೇಳಿದ್ದು ನಿಜ. ಅಷ್ಟು ದೊಡ್ಡ ಹೊಟ್ಟೆಯಲ್ಲಿ ಮಣ್ಣು ಎರಡು ಬೊಗಸೆ ಇದ್ದರೆ ಹೆಚ್ಚು. ಉಳಿದದ್ದೆಲ್ಲ ಬೇರು.

ನಡುವೆ ಒಂದು ವಿಚಿತ್ರ ಸಿಕ್ಕಿತು. ಎಲ್ಲಕ್ಕಿಂತ ಹಳೆಯ ಗಿಡದ ಬೇರಿನ ಸುತ್ತ ಬಲೆಯಂಥ ಒಂದು ತೆಳು ಬಟ್ಟೆ ಇತ್ತು, ಸಣ್ಣ ಚೀಲದ ಹಾಗೆ. ಬೇರು ಅದರ ಕಣ್ಣುಗಳಿಂದ ತೂರಿ ಹೊರಗೆ ಬಂದಿತ್ತು. ಕೆಲವು ಕಡೆ ಬಟ್ಟೆಯ ದಾರ ಬೇರಿಗೆ ಬಿಗಿದು ಗುರುತು ಬಿದ್ದಿತ್ತು. ಕತ್ತರಿಯಿಂದ ನಿಧಾನವಾಗಿ ಬಿಡಿಸಿದೆ. ಏನದು?

ಬೇರು ಹೆಚ್ಚಿನವು ಕೆನೆಬಣ್ಣದವು, ಗಟ್ಟಿ. ತಳದಲ್ಲಿ ಒಂದು ಹಿಡಿಯಷ್ಟು ಕಂದು ಬಣ್ಣದವು, ಹಿಸುಕಿದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುತ್ತಿತ್ತು. ಅದನ್ನೆಲ್ಲ ಕತ್ತರಿಸಿದೆ. ಒಟ್ಟು ಮೂರು ಭಾಗ. ದೊಡ್ಡದನ್ನು 8 ಇಂಚಿನ ಕುಂಡಕ್ಕೆ, ಎರಡನ್ನು 6 ಇಂಚಿನದಕ್ಕೆ ಹಾಕಿದೆ. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ. ನೀರು ಹಾಕಿ ಬಸಿಯಲು ಬಿಟ್ಟಿದ್ದೇನೆ.

ಬುಡಮಣ್ಣು

ಅಮ್ಮನ ಕುಂಡ ಉಳಿಯಿತಲ್ಲ, ನನಗೂ ಸಮಾಧಾನ ಆಯಿತು.

ಆ ಬಟ್ಟೆ ನರ್ಸರಿಯದು. ಗಿಡ ಸಣ್ಣ ಸಸಿಯಾಗಿದ್ದಾಗ ಅಂಥ ಬಲೆಯಲ್ಲಿ ಕೋಕೊಪೀಟ್ ತುಂಬಿ ಬೆಳೆಸುತ್ತಾರೆ. ಸಾಗಿಸಲು ಅನುಕೂಲ. ಕೆಲವು ಕರಗುತ್ತವೆ, ಕೆಲವು ಎಷ್ಟು ವರ್ಷ ಆದರೂ ಕರಗುವುದಿಲ್ಲ. ಹೊಸ ಗಿಡ ತಂದವರು ಬುಡದ ಹತ್ತಿರ ಬೆರಳು ಹಾಕಿ ಒಮ್ಮೆ ನೋಡಿ. ಬಲೆ ಇದ್ದರೆ ಕುಂಡ ಬದಲಿಸುವಾಗ ಕತ್ತರಿಸಿ ತೆಗೆಯಿರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಬೇರನ್ನು ನಾನು ಇಷ್ಟು ತೊಳೆಯುವುದಿಲ್ಲ. ಹೊರಗಿನ ಸುತ್ತನ್ನು ಸಡಿಲ ಮಾಡಿ, ಒಳಗಿನ ಮಣ್ಣು ಹಾಗೇ ಬಿಡುತ್ತೇನೆ. ನೀರು ಹೀರುವುದು ಬೇರಿನ ತುದಿಯ ಕೂದಲೆಳೆಯಂಥ ಭಾಗ. ತೊಳೆಯುವಾಗ ಅದು ಉದುರಿಹೋಗುತ್ತದೆ. ನಿಮ್ಮ ಕುಂಡಕ್ಕೆ ಬೇರೆ ದಾರಿ ಇರಲಿಲ್ಲ. ಆದ್ದರಿಂದ ಒಂದೆರಡು ವಾರ ಗಿಡ ಬಾಡಿದಂತೆ ಕಾಣುತ್ತದೆ. ಆಗ ಹೆದರಿ ಇನ್ನಷ್ಟು ನೀರು ಹಾಕಬೇಡಿ.

ಸುಳಿಎಲೆ (ಬುಧವಾರ)

ಸರ್, ನೀವು ಹೇಳಿದ್ದು ನೆನಪಿದೆ, ಆದರೂ ಮನಸ್ಸು ತಡೆಯುತ್ತಿಲ್ಲ. ಮೂರೂ ಗಿಡ ಬಿದ್ದುಹೋಗಿವೆ. ಎಲೆಗಳು ಕುಂಡದ ಅಂಚಿನಿಂದ ಕೆಳಗೆ ನೇತಾಡುತ್ತಿವೆ. ಬೆರಳು ಇಟ್ಟರೆ ಮಣ್ಣು ಒದ್ದೆಯಾಗಿಯೇ ಇದೆ. ಏಳು ವರ್ಷ ಇಕ್ಕಟ್ಟಿನಲ್ಲಾದರೂ ಬದುಕಿತ್ತು, ನಾನೇ ಕೈಯಾರೆ ಕೊಂದೆನಾ ಅನಿಸುತ್ತಿದೆ.

ಎರೆಹುಳು

ಸ್ವಲ್ಪ ದ್ರವ ಗೊಬ್ಬರ ಕೊಟ್ಟರೆ ಚೇತರಿಸಿಕೊಳ್ಳಬಹುದಲ್ವಾ?

ಬುಡಮಣ್ಣು

ಗೊಬ್ಬರ ಬೇಡವೇ ಬೇಡ. ಗೊಬ್ಬರ ಅಂದರೆ ಉಪ್ಪು. ಗಾಯ ಆದ ಬೇರಿನ ಸುತ್ತ ಉಪ್ಪು ಜಾಸ್ತಿ ಆದರೆ ನೀರು ಒಳಗೆ ಹೋಗುವುದು ಇನ್ನೂ ಕಷ್ಟ. ಆರು ವಾರ ಆಗಲಿ, ಹೊಸ ಎಲೆ ಕಾಣಲಿ, ಆಮೇಲೆ ಯೋಚಿಸೋಣ. ಮಣ್ಣಿನಲ್ಲಿ ಎರೆಗೊಬ್ಬರ ಹೇಗೂ ಇದೆ.

ಸುಳಿಎಲೆ ಅವರೇ, ನೀವು ಕೊಂದಿಲ್ಲ. ಬಾಡುವುದರಲ್ಲಿ ಎರಡು ಬಗೆ. ಮಣ್ಣು ಒಣಗಿ ಬಾಡಿದರೆ ನೀರು ಬೇಕು. ಮಣ್ಣು ಒದ್ದೆ ಇದ್ದೂ ಬಾಡಿದರೆ ಬೇರು ಹೀರುತ್ತಿಲ್ಲ ಎಂದು ಅರ್ಥ. ನಿಮ್ಮದು ಎರಡನೆಯದು. ಬೇರಿಗೆ ಸಾಧ್ಯವಾಗುವಷ್ಟಕ್ಕೆ ಎಲೆಯ ಭಾರವನ್ನು ಇಳಿಸಬೇಕು. ಪ್ರತಿ ಗಿಡದಲ್ಲೂ ಹೊರಗಿನ ಹಳೆಯ ಎಲೆಗಳನ್ನು ಮೂರಕ್ಕೆ ಒಂದರಂತೆ ಬುಡದಲ್ಲಿ ಕತ್ತರಿಸಿ. ನಡುವಿನ ಸುಳಿ ಮುಟ್ಟಬೇಡಿ. ಕಿಟಕಿಯಿಂದ ಸ್ವಲ್ಪ ದೂರ, ಗಾಳಿ ನೇರ ಬೀಸದ ಕಡೆ ಇಡಿ. ದೊಡ್ಡ ತೆಳು ಪ್ಲಾಸ್ಟಿಕ್ ಚೀಲವನ್ನು ಮೇಲಿನಿಂದ ಸಡಿಲವಾಗಿ ಹೊದಿಸಿ. ಒಳಗೆ ತೇವ ನಿಂತರೆ ಎಲೆಯಿಂದ ನೀರು ಹೋಗುವುದು ಕಡಿಮೆಯಾಗುತ್ತದೆ. ದಿನಕ್ಕೊಮ್ಮೆ ತೆಗೆದು ಗಾಳಿ ಆಡಿಸಿ.

ನೀರು ಬೇಕೋ ಬೇಡವೋ ಅಂತ ತಿಳಿಯಲು ಕುಂಡ ಎತ್ತಿ ನೋಡಿ. ಇವತ್ತಿನ ಭಾರ ಕೈಗೆ ನೆನಪಿರಲಿ. ಹಗುರ ಅನಿಸಿದ ದಿನ ಹಾಕಿ.

ಬೆಕ್ಕಿನಮನೆ

ನನ್ನದೂ ಹತ್ತು ದಿನ ಹೀಗೇ ಮಲಗಿತ್ತು. ಎದ್ದು ನಿಂತಿತು. ಧೈರ್ಯವಾಗಿರಿ.

ಸುಳಿಎಲೆ (ಹನ್ನೆರಡನೇ ದಿನ)

ದೊಡ್ಡದು ಎದ್ದು ನಿಂತಿದೆ! ಇವತ್ತು ಬೆಳಿಗ್ಗೆ ಚೀಲ ತೆಗೆದಾಗ ಎಲೆಗಳು ಗಟ್ಟಿಯಾಗಿದ್ದವು. 6 ಇಂಚಿನದರಲ್ಲಿ ಒಂದು ಕೂಡ ಪರವಾಗಿಲ್ಲ. ಮೂರನೆಯದು ಮಾತ್ರ ಇನ್ನೂ ಬಿದ್ದೇ ಇದೆ, ಎಲೆ ಹಳದಿಯಾಗುತ್ತಿದೆ. ಕಾಯಲಾ?

ಬುಡಮಣ್ಣು

ಕಾಯಬೇಡಿ. ಬುಡ ಹಿಡಿದು ಮೆಲ್ಲಗೆ ಎಳೆದು ನೋಡಿ. ತಡೆದರೆ ಬೇರು ಹಿಡಿಯುತ್ತಿದೆ. ಸಲೀಸಾಗಿ ಮೇಲೆ ಬಂದರೆ ತೆಗೆದು ಮೂಸಿ ನೋಡಿ.

ಸುಳಿಎಲೆ

ಸಲೀಸಾಗಿ ಬಂತು. ಕೊಳೆತ ವಾಸನೆ ಇತ್ತು. ಅವತ್ತು ಬೇರ್ಪಡಿಸುವಾಗ ಬುಡದಲ್ಲಿ ಒಂದು ಕಡೆ ಸೀಳಿತ್ತು, ಅಲ್ಲಿಂದಲೇ ಶುರುವಾಗಿದೆ. ಮೆತ್ತಗಿದ್ದ ಭಾಗವನ್ನೆಲ್ಲ ಬಿಳಿ ಕಾಣುವವರೆಗೆ ಕತ್ತರಿಸಿದೆ. ಉಳಿದದ್ದು ಎರಡು ಎಲೆ, ನಾಲ್ಕು ಬೇರು. 6 ಇಂಚಿನ ಕುಂಡ ಅದಕ್ಕೆ ಈಗ ದೊಡ್ಡದಾಯಿತು ಅನಿಸಿತು. 3 ಇಂಚಿನದಕ್ಕೆ ಹೊಸ ಮಿಶ್ರಣ ಹಾಕಿ ಇಟ್ಟೆ. ಪರ್ಲೈಟ್ ಜಾಸ್ತಿ ಹಾಕಿದ್ದೇನೆ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಆಮೇಲೆಯೇ ಕತ್ತರಿಸಿದೆ.

ಬುಡಮಣ್ಣು

ಸರಿಯಾಗಿ ಮಾಡಿದ್ದೀರಿ. 3 ಇಂಚಿನದು ನೀವೇ ಯೋಚಿಸಿ ಮಾಡಿದ್ದು ನೋಡಿ ಖುಷಿಯಾಯಿತು.

ಕಿಟಕಿತೋಟ

ಈ ಚರ್ಚೆ ಓದಿ ನನ್ನ ಸ್ಪೈಡರ್ ಪ್ಲಾಂಟ್ ತೆಗೆದು ನೋಡಿದೆ. ಅದರ ಬೇರು ದಪ್ಪ ದಪ್ಪ, ಬಿಳಿ ಗಡ್ಡೆಯ ಹಾಗೆ. ಮಣ್ಣನ್ನೆಲ್ಲ ಮೇಲಕ್ಕೆ ನೂಕಿ ಕುಂಡದ ಅಂಚು ದಾಟಿಸಿಬಿಟ್ಟಿದೆ. ಅದು ರೋಗ ಅಂದುಕೊಂಡಿದ್ದೆ.

ಬುಡಮಣ್ಣು

ರೋಗ ಅಲ್ಲ. ಅದು ನೀರು ಕೂಡಿಡುವ ಬೇರು. ಎರಡು ದಿನ ನೀರು ಮರೆತರೂ ಆ ಗಿಡ ಸಾಯದೆ ಇರುವುದು ಅದರಿಂದಲೇ. ಹೊಸ ಕುಂಡದಲ್ಲಿ ಮೇಲೆ ಎರಡು ಬೆರಳು ಖಾಲಿ ಬಿಡಿ, ಅದು ಮತ್ತೆ ನೂಕುತ್ತದೆ.

ಸುಳಿಎಲೆ (ಏಳನೇ ವಾರ)

ದೊಡ್ಡ ಗಿಡದ ನಡುವೆ ಹೊಸ ಸುಳಿ ಬಂದಿದೆ, ಕಡ್ಡಿಯ ಹಾಗೆ ಸುತ್ತಿಕೊಂಡು ಮೂರು ಇಂಚು ಎದ್ದಿದೆ. 6 ಇಂಚಿನದರಲ್ಲೂ ಒಂದು. 3 ಇಂಚಿನ ಪುಟ್ಟದರಲ್ಲಿ ಸುಳಿ ಇನ್ನೂ ಇಲ್ಲ, ಆದರೆ ಎಳೆದರೆ ತಡೆಯುತ್ತಿದೆ.

ನೀರು ಈಗ ಐದಾರು ದಿನಕ್ಕೊಮ್ಮೆ. ಹಾಕಿದರೆ ನಿಧಾನವಾಗಿ ಇಂಗುತ್ತದೆ. ಅದನ್ನು ನೋಡುತ್ತಾ ನಿಲ್ಲುವುದೇ ನನಗೆ ಒಂದು ಸಂತೋಷ.

ಅಮ್ಮನ ಕುಂಡದಲ್ಲಿ ಇನ್ನು ಮೇಲೆ ನೇರವಾಗಿ ಗಿಡ ನೆಡುವುದಿಲ್ಲ. ತೊಳೆದು ಒಣಗಿಸಿದ್ದೇನೆ. 3 ಇಂಚಿನ ಪುಟ್ಟ ಕುಂಡ ಅದರ ಬಾಯಿಯೊಳಗೆ ಸರಿಯಾಗಿ ಇಳಿಯುತ್ತದೆ. ಒಳಗೆ ಒಂದು ಡಬ್ಬಿ ಬೋರಲು ಹಾಕಿ ಅದರ ಮೇಲೆ ಕೂರಿಸಿದ್ದೇನೆ. ಎತ್ತಿ ನೀರು ಹಾಕಿ, ಬಸಿದ ಮೇಲೆ ಮತ್ತೆ ಇಡುತ್ತೇನೆ. ಚಿತ್ರದ ಮೇಲೆ ಎರಡೇ ಎಲೆ ಕಾಣುತ್ತವೆ. ಮೊದಲು ಅಮ್ಮ ಕೊಟ್ಟಾಗಲೂ ಹೆಚ್ಚುಕಡಿಮೆ ಹಾಗೇ ಇತ್ತು.

ಒಂದೇ ಪ್ರಶ್ನೆ. ಮಣ್ಣಿನ ಮೇಲೆ ಗುಂಗುರಿನಂಥ ಸಣ್ಣ ಕಪ್ಪು ನೊಣ ಹಾರುತ್ತಿವೆ.

ಲೆಕ್ಕದಗಿಡ

ಒದ್ದೆ ಮಣ್ಣಿನ ಮೇಲ್ಪದರದಲ್ಲಿ ಮೊಟ್ಟೆ ಇಡುವ ನೊಣ ಅದು. ಮೇಲಿನ ಒಂದು ಇಂಚು ಒಣಗಲು ಬಿಟ್ಟು ಆಮೇಲೆ ನೀರು ಹಾಕಿ. ಹಳದಿ ಅಂಟುಹಾಳೆ ಒಂದನ್ನು ಕುಂಡದಲ್ಲಿ ಚುಚ್ಚಿ. ಮೂರು ನಾಲ್ಕು ವಾರದಲ್ಲಿ ಕಡಿಮೆಯಾಗುತ್ತವೆ.

ಹೊಸಕುಂಡ

ಎಲ್ಲವನ್ನೂ ಓದಿದೆ, ತುಂಬಾ ಉಪಯೋಗ ಆಯಿತು. ನನ್ನದು ಸ್ನೇಕ್ ಪ್ಲಾಂಟ್. ಪ್ಲಾಸ್ಟಿಕ್ ಕುಂಡ ಒಂದು ಕಡೆ ಉಬ್ಬಿ ಸೀಳು ಬಿಟ್ಟಿದೆ. ಇದಕ್ಕೂ ಇದೇ ರೀತಿ ತೊಳೆಯಬೇಕಾ?

ಸುಳಿಎಲೆ

ತೊಳೆಯುವುದು ಬೇಡ. ನನ್ನದು ಬಾಯಿ ಕಿರಿದು ಅಂತ ತೊಳೆಯಬೇಕಾಯಿತು. ನಿಮ್ಮದು ಪ್ಲಾಸ್ಟಿಕ್, ಹೇಗೂ ಸೀಳಿದೆ. ಕತ್ತರಿಯಿಂದ ಮೇಲಿನಿಂದ ಕೆಳಗೆ ಕತ್ತರಿಸಿ ಬಿಚ್ಚಿಬಿಡಿ. ಉಬ್ಬಿದ ಕಡೆ ನೆಲದೊಳಗೆ ಓಡುವ ದಪ್ಪ ಕಾಂಡ ಇರುತ್ತದೆ, ಕತ್ತರಿ ಅದಕ್ಕೆ ತಾಗದಂತೆ ನೋಡಿಕೊಳ್ಳಿ. ಬೇರ್ಪಡಿಸುವುದಾದರೆ ಪ್ರತಿ ತುಂಡಿನಲ್ಲೂ ಎಲೆಯ ಗುಂಪು ಮತ್ತು ಬೇರು ಎರಡೂ ಇರಲಿ.

ನೀರಿನ ವಿಷಯದಲ್ಲಿ ನನ್ನ ಹಾಗೆ ಮಾಡಬೇಡಿ. ಪೀಸ್ ಲಿಲ್ಲಿಗೆ ಕೂಡಲೇ ಹಾಕಬೇಕು. ಸ್ನೇಕ್ ಪ್ಲಾಂಟಿನ ಎಲೆಯಲ್ಲೇ ನೀರು ಇರುತ್ತದೆ, ಅದಕ್ಕೆ ಅವಸರ ಇಲ್ಲ ಅನಿಸುತ್ತದೆ. ಕತ್ತರಿಸಿದ ಗಾಯ ಒಣಗಲಿ. ಎಷ್ಟು ದಿನ ಬಿಡಬೇಕು ಅಂತ ಬುಡಮಣ್ಣು ಸರ್ ಹೇಳಲಿ.

ಬುಡಮಣ್ಣು

ಐದರಿಂದ ಏಳು ದಿನ. ಉಳಿದದ್ದೆಲ್ಲ ಸುಳಿಎಲೆ ಅವರು ಹೇಳಿದ ಹಾಗೇ ಮಾಡಿ.